ಬ್ರೇನ್ ಡೆತ್ ಅಂದರೆ ಸಾವೇನಾ? ಐಸಿಯು ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ಭಾನುವಾರ ನಮ್ಮ ಗುಂಪಿನ ಡಾಕ್ಟರ್ ಮೇಡಂ ಬಿಡುವು ಮಾಡಿಕೊಂಡಿದ್ದಾರೆ. ಐಸಿಯುನಲ್ಲಿ ಕೆಲಸ, ಬ್ರೇನ್ ಡೆತ್ ಪರೀಕ್ಷೆಯ ಪ್ಯಾನೆಲ್‌ನಲ್ಲೂ ಇದ್ದಾರೆ. "ಎದೆ ಹೊಡೆದುಕೊಳ್ಳುತ್ತಿರುವವರನ್ನ ಸತ್ತರು ಅಂತ ಹೇಗೆ ಹೇಳ್ತಾರೆ" ಅಂತ ಕಳೆದ ವಾರ ಇಲ್ಲಿ ಜಗಳ ಆಯಿತಲ್ಲ, ಅದಕ್ಕೇ ಈ ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಸುಮ್ನೆ ಓದುಗ: ಸರ್, ಕೋಮಾಗೂ ಬ್ರೇನ್ ಡೆತ್‌ಗೂ ಏನು ವ್ಯತ್ಯಾಸ?

ಡಾಕ್ಟರ್: ಸರ್ ಅಲ್ಲ, ಮೇಡಂ. ಕೋಮಾದಲ್ಲಿ ಮಿದುಳಿಗೆ ಪೆಟ್ಟಾಗಿರುತ್ತದೆ, ಆದರೆ ಜೀವ ಇರುತ್ತದೆ. ಕೆಲವರು ಏಳುತ್ತಾರೆ, ಕೆಲವರು ಏಳುವುದಿಲ್ಲ. ಬ್ರೇನ್ ಡೆತ್‌ನಲ್ಲಿ ಮಿದುಳಿನ ಕಾಂಡವೇ ಸತ್ತಿರುತ್ತದೆ. ಉಸಿರಾಟ ನಡೆಸುವುದು ಅದೇ. ಪರೀಕ್ಷೆ ಸರಿಯಾಗಿ ಆಗಿದ್ದರೆ ಅಲ್ಲಿಂದ ಯಾರೂ ವಾಪಸ್ ಬರುವುದಿಲ್ಲ. ಎದೆ ಏರಿಳಿಯುವುದು ವೆಂಟಿಲೇಟರ್ ಗಾಳಿ ತುಂಬುವುದರಿಂದ. ಹೃದಯಕ್ಕೆ ಅದರದ್ದೇ ಕರೆಂಟ್ ಇದೆ, ಆಕ್ಸಿಜನ್ ಸಿಗುವಷ್ಟು ಹೊತ್ತು ಹೊಡೆದುಕೊಳ್ಳುತ್ತದೆ. ಪೇಪರಿನವರು "ಮೆದುಳು ನಿಷ್ಕ್ರಿಯ" ಅಂತ ಬರೆಯುವುದೇ ನನಗೆ ದೊಡ್ಡ ತಲೆನೋವು. ನಿಷ್ಕ್ರಿಯ ಅಂದರೆ ಸಿಮ್ ಕಾರ್ಡ್ ತರಹ, ರೀಚಾರ್ಜ್ ಮಾಡಿಸಿದರೆ ಮತ್ತೆ ಶುರುವಾಗುತ್ತದೆ ಅಂತ ಜನ ತಿಳಿದುಕೊಳ್ಳುತ್ತಾರೆ.

ಮೈಸೂರು ಮಾವ: 2021ರ ಜೂನ್‌ನಲ್ಲಿ ಸಂಚಾರಿ ವಿಜಯ್ ಅವರಿಗೆ ಬೈಕ್ ಅಪಘಾತ ಆದಾಗ ಮೊದಲು ಹೋದರು ಅಂತ ಸುದ್ದಿ ಬಂತು. ಆಮೇಲೆ ಇಲ್ಲ, ಇನ್ನೂ ಇದ್ದಾರೆ ಅಂದರು. ಮರುದಿನ ಮತ್ತೆ ಹೋದರು ಅಂದರು. ನಾವು ಯಾವುದನ್ನ ನಂಬಬೇಕು ಮೇಡಂ?

ಡಾಕ್ಟರ್: ಅಲ್ಲಿ ನಾನು ಇರಲಿಲ್ಲ. ಸಾಮಾನ್ಯವಾಗಿ ಹೇಳುತ್ತೇನೆ. ಕಾನೂನಿನ ಪ್ರಕಾರ ಪರೀಕ್ಷೆ ಎರಡು ಸಲ ಆಗಬೇಕು, ನಡುವೆ ಕನಿಷ್ಠ 6 ಗಂಟೆ ಅಂತರ ಇರಬೇಕು. ಎರಡೂ ಮುಗಿಯುವ ಮೊದಲೇ ಬಾಗಿಲ ಹತ್ತಿರ ಮೈಕ್ ಹಿಡಿದುಕೊಂಡರೆ ಗೊಂದಲ ಆಗದೆ ಇನ್ನೇನು. ಅಷ್ಟು ದುಃಖದಲ್ಲೂ ಅವರ ಮನೆಯವರು ಅಂಗದಾನ ಮಾಡಿದರು, ಅದನ್ನ ನೆನಪಿಟ್ಟುಕೊಳ್ಳಿ.

ಹಾಸನದವಳು: ಮೇಡಂ, ಎರಡು ವರ್ಷದ ಹಿಂದೆ ನಮ್ಮಣ್ಣ ಬೈಕಿಂದ ಬಿದ್ದ. ಮೂರನೇ ದಿನ ಬ್ರೇನ್ ಡೆಡ್ ಅಂದರು. ನಾವು ಒಪ್ಪಲಿಲ್ಲ. ಮೈ ಬೆಚ್ಚಗಿತ್ತು, ಯೂರಿನ್ ಬ್ಯಾಗ್ ತುಂಬುತ್ತಿತ್ತು, ಗಡ್ಡ ಬೆಳೆದಿತ್ತು. ಅಮ್ಮ ಅಂಗಾಲು ಸವರಿದಾಗ ಹೆಬ್ಬೆರಳು ಅಲ್ಲಾಡಿತು, ನಾನೂ ನೋಡಿದೆ. ಇನ್ನೂ ನಾಲ್ಕು ದಿನ ಇಟ್ಟುಕೊಂಡೆವು, ಆಮೇಲೆ ಹಾರ್ಟ್ ನಿಂತಿತು. ಅಮ್ಮ ಇವತ್ತಿಗೂ "ಅವನು ಕಾಲಲ್ಲಿ ಉತ್ತರ ಕೊಟ್ಟ, ನೀವು ಯಾರೂ ಕೇಳಿಸಿಕೊಳ್ಳಲಿಲ್ಲ" ಅಂತಾಳೆ. ನಾವು ಮಾಡಿದ್ದು ತಪ್ಪಾ? ಬಾಯಿಗೆ ನೀರು ಬಿಡಬೇಕಾಗಿದ್ದು ಯಾವತ್ತು?

ಡಾಕ್ಟರ್: ತಪ್ಪಲ್ಲಮ್ಮ. ಅಂಗಾಲು ಸವರಿದಾಗ ಬೆರಳು ಅಲ್ಲಾಡುವುದು ಬೆನ್ನುಹುರಿಯ ಕೆಲಸ, ಮಿದುಳಿನ ತನಕ ಆ ಸುದ್ದಿ ಹೋಗುವುದೇ ಇಲ್ಲ. ಕೆಲವರ ಕೈಗಳು ಎದ್ದು ಎದೆ ಮೇಲೆ ಬರುವುದನ್ನೂ ನಾನು ನೋಡಿದ್ದೇನೆ. ಮೊದಲ ಸಲ ನೋಡಿದಾಗ ನನಗೇ ಕಾಲು ನಡುಗಿತ್ತು. ಹೀಗೆ ಆಗಬಹುದು ಅಂತ ನಿಮ್ಮಮ್ಮನ್ನ ಕೂರಿಸಿಕೊಂಡು ಯಾರಾದರೂ ಮೊದಲೇ ಹೇಳಬೇಕಿತ್ತು. ಹೇಳದೇ ಇದ್ದದ್ದು ನಮ್ಮವರ ತಪ್ಪು. ಕಾರಿಡಾರಿನಲ್ಲಿ ನಿಂತು ಎರಡು ನಿಮಿಷದಲ್ಲಿ "ಬ್ರೇನ್ ಡೆಡ್, ಡೊನೇಟ್ ಮಾಡ್ತೀರಾ" ಅಂತ ಒಂದೇ ಉಸಿರಿನಲ್ಲಿ ಕೇಳಿದರೆ ಯಾವ ತಾಯಿ ಒಪ್ಪುತ್ತಾಳೆ? ನಾನು ಮನೆಯವರಲ್ಲಿ ಒಬ್ಬರನ್ನ ಒಳಗೆ ಕರೆದು ಆಪ್ನಿಯಾ ಟೆಸ್ಟ್ ತೋರಿಸುತ್ತೇನೆ. ಆಕ್ಸಿಜನ್ ಕೊಡುತ್ತಲೇ ವೆಂಟಿಲೇಟರ್ ಕಳಚುತ್ತೇವೆ. ಎದೆ ಮೇಲಿನ ಬಟ್ಟೆ ತೆಗೆದಿರುತ್ತೇವೆ. ಎಂಟು ಹತ್ತು ನಿಮಿಷ ಎಲ್ಲರ ಕಣ್ಣೂ ಆ ಎದೆ ಮೇಲೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ 60 ದಾಟಿದರೂ ಒಂದೇ ಒಂದು ಉಸಿರು ಬರುವುದಿಲ್ಲ. ಜೀವ ಇದ್ದವರಿಗೆ ಅಷ್ಟು ಹೊತ್ತು ಉಸಿರು ಕಟ್ಟೋಕೆ ಆಗಲ್ಲ. ಅದನ್ನ ನೋಡಿದವರು ಹೊರಗೆ ಹೋಗಿ ಉಳಿದವರಿಗೆ ಹೇಳಿದರೆ ನನ್ನ ಮಾತಿಗಿಂತ ಹೆಚ್ಚು ನಾಟುತ್ತದೆ. ನೀರು ಬಿಡುವ ವಿಷಯ ನಾನು ಹೇಳಲಾರೆ.

ಹರಿಓಂ: ದೇಸಿ ಹಸುವಿನ ತುಪ್ಪ ಬೆಚ್ಚಗೆ ಮಾಡಿ ಮೂಗಿನ ಹೊಳ್ಳೆಗೆ ಎರಡೆರಡು ಹನಿ ಬಿಟ್ಟರೆ ಕೋಮಾದಲ್ಲಿರುವವರೂ ಏಳುತ್ತಾರೆ. ಬ್ರೇನ್ ಸ್ಟ್ರೋಕ್ ಆದವರ ಹತ್ತು ಬೆರಳ ತುದಿ ಸೂಜಿಯಿಂದ ಚುಚ್ಚಿ ಒಂದೊಂದು ಹನಿ ರಕ್ತ ತೆಗೆಯಬೇಕು. ಇದನ್ನ ಡಾಕ್ಟರುಗಳು ಹೇಳಲ್ಲ 🙏 ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಮೂಗಿಗೆ ತುಪ್ಪ ಬಿಟ್ಟರೆ ಪ್ರಜ್ಞೆ ಇಲ್ಲದವರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬಿಡಬೇಡಿ. ಬೆರಳು ಚುಚ್ಚುತ್ತಾ ಕೂತರೆ ಸ್ಟ್ರೋಕ್ ಇಂಜೆಕ್ಷನ್ ಕೊಡುವ ನಾಲ್ಕೂವರೆ ಗಂಟೆ ಕೈ ತಪ್ಪುತ್ತದೆ. ಚುಚ್ಚಬೇಡಿ.

ಸತ್ಯಶೋಧಕ: ಎಲ್ಲಾ ಕಿಡ್ನಿ ಕದಿಯೋ ದಂಧೆ. ಬಡವರಿಗೆ ಮಾತ್ರ ಬ್ರೇನ್ ಡೆತ್ ಆಗುತ್ತೆ, ಮಂತ್ರಿಗಳಿಗೆ ಯಾಕೆ ಆಗಲ್ಲ?

ಡಾಕ್ಟರ್: ಕಿಡ್ನಿ ಮಾರಾಟ ನಡೆಯುತ್ತಿದ್ದದ್ದು ನಿಜ. ಅದಕ್ಕೇ 1994ರಲ್ಲಿ ಅಂಗಾಂಗ ಕಸಿ ಕಾಯಿದೆ ಬಂದಿದ್ದು. ನಾಲ್ಕು ಡಾಕ್ಟರು ಸಹಿ ಹಾಕಬೇಕು, ಕಸಿ ಮಾಡುವ ತಂಡದವರು ಅದರಲ್ಲಿ ಇರುವ ಹಾಗಿಲ್ಲ. ಫಾರಂ 10 ಅಂತ ಇದೆ, ಕೇಳಿ ಓದಿ. ನಮ್ಮ ರಾಜ್ಯದಲ್ಲಿ ಅಂಗ ಯಾರಿಗೆ ಅನ್ನೋದು ಜೀವಸಾರ್ಥಕತೆ ಅನ್ನೋ ಸರ್ಕಾರಿ ಅಂಗದಾನ ಸಂಸ್ಥೆಯ ಪಟ್ಟಿ ಪ್ರಕಾರ ಹೋಗುತ್ತದೆ. ಮನೆಯವರು ಬೇಡ ಅಂದರೆ ಯಾರೂ ಮುಟ್ಟೋ ಹಾಗಿಲ್ಲ.

ಅಡಿಕೆತೋಟ: ಮೇಡಂ, ಅರ್ಜೆಂಟ್. ಚಿಕ್ಕಪ್ಪನ ಮಗ, 22 ವರ್ಷ. ತೋಟದ ಮನೆಯಲ್ಲಿ ಚಾಪೆ ಮೇಲೆ ಮಲಗಿದ್ದ. ಬೆಳಗಿನ ಜಾವ ಹೊಟ್ಟೆನೋವು ಅಂದ, ವಾಂತಿ. ಮೊದಲು ಹೋದ ಕಡೆ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಎಂಟು ಗಂಟೆಗೆ ಕಣ್ಣು ಬಿಡೋಕೆ ಆಗ್ತಿಲ್ಲ, ಮಾತು ತೊದಲು. ಆಮೇಲೆ ಚಾಪೆ ಕೆಳಗೆ ಕಪ್ಪು ಹಾವು ಸಿಕ್ಕಿತು, ಬಿಳಿ ಪಟ್ಟೆ ಇತ್ತು. ಈಗ ಮೂರನೇ ದಿನ, ವೆಂಟಿಲೇಟರ್‌ನಲ್ಲಿದ್ದಾನೆ. ಪಾಪೆ ದೊಡ್ಡದಾಗಿದೆ, ಟಾರ್ಚ್ ಬಿಟ್ಟರೂ ಹಾಗೇ ಇದೆ, ಚಿವುಟಿದರೂ ಏನಿಲ್ಲ, ಬ್ರೇನ್ ಡೆಡ್ ತರಹ ಇದೆ ಅಂತ ಡ್ಯೂಟಿ ಡಾಕ್ಟರ್ ಹೇಳಿದರು. ದೊಡ್ಡಪ್ಪ ಸುಮ್ನೆ ದುಡ್ಡು ಯಾಕೆ, ಮನೆಗೆ ಕರಕೊಂಡು ಹೋಗೋಣ ಅಂತಿದ್ದಾರೆ.

ಡಾಕ್ಟರ್: ಕರಕೊಂಡು ಹೋಗಬೇಡಿ. ಮೊದಲು ದೊಡ್ಡಪ್ಪನಿಗೆ ಫೋನ್ ಮಾಡಿ, ಆಮೇಲೆ ಇದನ್ನ ಓದಿ.

ನೀವು ಹೇಳಿದ್ದು ಕಟ್ಟುಹಾವಿನ ಕಥೆಯೇ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿಯುತ್ತದೆ, ನೋವಿಲ್ಲ, ಊತ ಇಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ಹೊಟ್ಟೆನೋವು, ಆಮೇಲೆ ರೆಪ್ಪೆ ಬೀಳುವುದು, ಆಮೇಲೆ ಉಸಿರು. ಅದರ ವಿಷ ನರ ಮತ್ತು ಸ್ನಾಯು ಸೇರುವ ಜಾಗವನ್ನ ಹಾಳು ಮಾಡುತ್ತದೆ. ಮಿದುಳು ಒಳಗೆ ಚೆನ್ನಾಗಿಯೇ ಇರಬಹುದು, ಆದರೆ ಅದರ ಮಾತು ಕೇಳುವವರು ಯಾರೂ ಇಲ್ಲ. ಪಾಪೆ ಅಲ್ಲಾಡಲ್ಲ, ಕೆಮ್ಮಲ್ಲ, ಚಿವುಟಿದರೆ ಕೈ ಎಳೆದುಕೊಳ್ಳಲ್ಲ. ಇಲ್ಲಿ ಆಪ್ನಿಯಾ ಟೆಸ್ಟ್ ಮಾಡಿದರೂ ಅರ್ಥ ಇಲ್ಲ, ಉಸಿರೆಳೆಯುವ ಸ್ನಾಯುವೇ ಬಿದ್ದಿದೆ. ಇದಕ್ಕೇ ನಿಯಮದಲ್ಲಿ ಮೊದಲ ಷರತ್ತು: ಮಿದುಳು ಯಾಕೆ ಸತ್ತಿತು ಅನ್ನೋ ಕಾರಣ ಖಚಿತವಾಗಿ ಗೊತ್ತಿರಬೇಕು. ವಿಷ, ನಿದ್ದೆಯ ಔಷಧಿ, ಮೈ ತಣ್ಣಗಾಗಿರುವುದು, ಸೋಡಿಯಂ ಏರುಪೇರು, ಇವು ಯಾವುದೂ ಇಲ್ಲ ಅಂತ ಮೊದಲು ನೋಡಬೇಕು. ಆಮೇಲೆ ತಾನೇ ಟಾರ್ಚು.

ಈಗ ಹೇಳಿ. ವೆಂಟಿಲೇಟರ್ ಹಾಕುವ ಮೊದಲು ದಾರಿಯಲ್ಲಿ ಹೃದಯ ನಿಂತಿತ್ತಾ, ಎದೆ ಒತ್ತಿದ್ದರಾ? ಇದು ಮುಖ್ಯ. ಆಗಿದ್ದರೆ ಮಿದುಳಿಗೂ ಪೆಟ್ಟಾಗಿರಬಹುದು, ಸುಮ್ನೆ ಆಸೆ ಹುಟ್ಟಿಸೋಕೆ ನನಗೆ ಇಷ್ಟ ಇಲ್ಲ. ಸಿಟಿ ಸ್ಕ್ಯಾನ್ ಏನು ಬಂತು? ಇಇಜಿ, ಅಂದರೆ ಮಿದುಳಿನ ಕರೆಂಟ್ ನೋಡುವ ಟೆಸ್ಟ್, ಮಾಡಿದ್ದಾರಾ? ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಕೊಟ್ಟಿದ್ದಾರಾ? ಕೊಟ್ಟಿದ್ದರೂ ಬಿದ್ದ ಸ್ನಾಯು ತಕ್ಷಣ ಏಳಲ್ಲ, ಕೆಲವರಿಗೆ ವಾರಗಟ್ಟಲೆ ವೆಂಟಿಲೇಟರ್ ಬೇಕಾಗುತ್ತದೆ. ನಾನೇ ನೋಡಿದ ಒಬ್ಬ ಹುಡುಗಿಗೆ ಆರನೇ ದಿನ ಹುಬ್ಬು ಒಂಚೂರು ಅಲ್ಲಾಡಿತು, ಅಷ್ಟೇ ಮೊದಲ ಗುರುತು. ನಡೆದುಕೊಂಡು ಮನೆಗೆ ಹೋದಳು. "ಆವತ್ತು ನೀವು ಊಟಕ್ಕೆ ಏನು ತಂದಿದೀರಾ ಅಂತ ಸಿಸ್ಟರ್‌ನ ಕೇಳಿದ್ದು ನನಗೆ ಕೇಳಿಸಿತು" ಅಂದಳು. ಅದಕ್ಕೇ ಇನ್ನೊಂದು ಮಾತು, ಮಂಚದ ಪಕ್ಕ ನಿಂತು ಬಾಡಿ ಯಾವಾಗ ಸಾಗಿಸೋದು ಅಂತ ಯಾರೂ ಮಾತಾಡಬೇಡಿ. ಅವನಿಗೆ ಕೇಳಿಸುತ್ತಿರಬಹುದು.

ಹರಿಓಂ: ಹಾವು ಕಡಿತಕ್ಕೆ ಹೋಮಿಯೋಪತಿಯ ಹನಿ ನಾಲಿಗೆ ಮೇಲೆ ಮೂರು ಸಲ

ಡಾಕ್ಟರ್: ರೀ, ಸಾಕು. ಅಡ್ಮಿನ್, ಇದನ್ನ ಡಿಲೀಟ್ ಮಾಡಿ. ಆ ಹುಡುಗನ ಮನೆಯವರು ಓದುತ್ತಿದ್ದಾರೆ.

ನಿವೃತ್ತ ಮೇಷ್ಟ್ರು: ಡಾಕ್ಟರ್ ಮೇಡಂ, ಈಗ ನೀವೇ ಹೇಳಿದ ಹಾಗೆ ಸತ್ತಂತೆ ಕಂಡವರು ಎದ್ದು ಬರುತ್ತಾರೆ. ಹಳದೀಪುರದ ನರ್ಸ್ ಅರುಣಾ ಶಾನಭಾಗ್ ಮುಂಬೈ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದು 42 ವರ್ಷ ಇದ್ದರಲ್ಲ. ಹಾಗಾದರೆ ಮನೆಯವರು ಒಪ್ಪದಿರುವುದರಲ್ಲಿ ತಪ್ಪೇನು?

ಡಾಕ್ಟರ್: ಅರುಣಾ ತಾವೇ ಉಸಿರಾಡುತ್ತಿದ್ದರು. ಅವರದ್ದು ಬ್ರೇನ್ ಡೆತ್ ಅಲ್ಲ. 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಅದು ಇದೆ. ಹಾವಿನ ಕೇಸ್ ಕೂಡ ಬ್ರೇನ್ ಡೆತ್ ಅಲ್ಲ ಮೇಷ್ಟ್ರೇ, ಹಾಗೆ ಕಾಣೋದು ಅಷ್ಟೇ.

ನ್ಯೂಜೆರ್ಸಿ ಕನ್ನಡಿಗ: ನಮ್ಮ ಕಡೆ ಕಾನೂನೇ ಬೇರೆ. 2013ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾಹಿ ಮೆಕ್‌ಮ್ಯಾತ್ ಅನ್ನೋ 13 ವರ್ಷದ ಹುಡುಗಿಗೆ ಟಾನ್ಸಿಲ್ ಆಪರೇಷನ್ ಆದ ಮೇಲೆ ಬ್ರೇನ್ ಡೆತ್ ಅಂದರು. ತಾಯಿ ಒಪ್ಪದೆ ಇಲ್ಲಿಗೆ ಕರೆತಂದರು, ಇಲ್ಲಿ ಧರ್ಮದ ಕಾರಣಕ್ಕೆ ಬೇಡ ಅನ್ನಬಹುದು. 2018ರ ತನಕ ಇದ್ದಳು. ಒಬ್ಬಳೇ ಹುಡುಗಿಗೆ ಎರಡು ರಾಜ್ಯದಲ್ಲಿ ಎರಡು ಸಾವಿನ ತಾರೀಖು!

ನಿವೃತ್ತ ಮೇಷ್ಟ್ರು: ನೋಡಿದಿರಾ! ಅಮೆರಿಕಾದವರೇ ಒಪ್ಪಿಲ್ಲ. ನಮ್ಮ ಹಿರಿಯರು ಉಸಿರು ನಿಂತ ಮೇಲೆ ತಾನೇ ನೆಲಕ್ಕೆ ಇಳಿಸುತ್ತಿದ್ದದ್ದು.

ಮೈಸೂರು ಮಾವ: ಮೇಷ್ಟ್ರೇ, ನಿಮ್ಮ ಹಿರಿಯರ ಕಾಲದಲ್ಲಿ ವೆಂಟಿಲೇಟರ್ ಇತ್ತಾ? ಉಸಿರು ನಿಂತೇ ಇದೆ, ಊದುತ್ತಿರೋದು ಮಷಿನ್.

ನಿವೃತ್ತ ಮೇಷ್ಟ್ರು: ವ್ಯಂಗ್ಯ ಬೇಡ. ನನ್ನ ಹೆಂಡತಿ ಹನ್ನೊಂದು ದಿನ ಆ ಮಷಿನ್‌ನಲ್ಲಿದ್ದಳು.

ಮೈಸೂರು ಮಾವ: ಗೊತ್ತಿರಲಿಲ್ಲ ಮೇಷ್ಟ್ರೇ. ಕ್ಷಮಿಸಿ.

ಸತ್ಯಶೋಧಕ: ಬಿಲ್ ಎಷ್ಟಾಯ್ತು ಅದನ್ನೂ ಹೇಳಿ ಮೇಷ್ಟ್ರೇ, ಎಲ್ಲರಿಗೂ ಗೊತ್ತಾಗಲಿ.

ಮೈಸೂರು ಮಾವ: ಸ್ವಲ್ಪನಾದರೂ ಮರ್ಯಾದೆ ಇದೆಯಾ ನಿನಗೆ?

ಲೆಕ್ಕದ ಪುಸ್ತಕ: ಬಿಲ್ ಮಾತು ಬಂತು ಅಂತ ಕೇಳ್ತೀನಿ. ಬ್ರೇನ್ ಡೆತ್ ಅಂತ ಸಹಿ ಹಾಕಿದ ಮೇಲೆ ಮನೆಯವರು ಅಂಗದಾನ ಬೇಡ ಅಂದರೆ ವೆಂಟಿಲೇಟರ್ ತೆಗೀತಾರಾ, ಇಲ್ವಾ? ಇನ್ನೊಂದು, ಇನ್ಶೂರೆನ್ಸ್‌ಗೆ ಸಾವಿನ ತಾರೀಖು ಯಾವುದು ಹಾಕಬೇಕು?

ಡಾಕ್ಟರ್: ಇದು ನಾಚಿಕೆಗೇಡಿನ ವಿಷಯ, ಹೇಳಿಬಿಡುತ್ತೇನೆ. ಮಿದುಳು ಕಾಂಡದ ಸಾವು ಅನ್ನೋ ಮಾತು ಇರುವುದು ಅಂಗಾಂಗ ಕಸಿ ಕಾಯಿದೆಯಲ್ಲಿ. ಜನನ ಮರಣ ನೋಂದಣಿ ಕಾಯಿದೆಯಲ್ಲಿ ಅದರ ಸುದ್ದಿಯೇ ಇಲ್ಲ. ಹಾಗಾಗಿ ಏನಾಗುತ್ತದೆ ಅಂದರೆ, ಅಂಗದಾನಕ್ಕೆ ಒಪ್ಪಿದರೆ ಅವರು ಸತ್ತವರು, ಒಪ್ಪದಿದ್ದರೆ ಅವರೇ ಪೇಷಂಟ್. ಮಷಿನ್ ತೆಗೆದರೆ ಕೇಸ್ ಬೀಳುತ್ತದೆ ಅಂತ ಎಷ್ಟೋ ಆಸ್ಪತ್ರೆಗಳು ಹೃದಯ ತಾನಾಗಿ ನಿಲ್ಲುವ ತನಕ ಹಾಗೇ ಇಡುತ್ತವೆ. ಬಿಲ್ ಓಡುತ್ತಿರುತ್ತದೆ. ಕೇರಳದವರು 2020ರಲ್ಲಿ ಇದನ್ನ ಅಂಗದಾನದಿಂದ ಬೇರೆ ಮಾಡಿ ಆದೇಶ ತಂದರು, ದಾನ ಮಾಡಲಿ ಬಿಡಲಿ, ಸಾವು ಸಾವೇ ಅಂತ. ಮನೆಯವರು ನಮ್ಮನ್ನ ನಂಬಲ್ಲ ಅಂತ ಗೊಣಗುವ ನನ್ನ ಸಹೋದ್ಯೋಗಿಗಳಿಗೆ ನಾನು ಇದನ್ನೇ ಹೇಳೋದು. ಕಿಡ್ನಿ ಬೇಕಾದಾಗ ಮಾತ್ರ ಸಾವು ಅಂತ ಹೇಳಿದರೆ ಅನುಮಾನ ಬರದೇ ಇರುತ್ತಾ?

ಸತ್ಯಶೋಧಕ: ಅದನ್ನೇ ನಾನು ಮೊದಲು ಹೇಳಿದ್ದು 😂

ಡಾಕ್ಟರ್: ಅಲ್ಲ, ನೀವು ಹೇಳಿದ್ದು ಬೇರೆ.

ಕೃಷ್ಣರಾಜಪುರ: ಕೋಮಾಗೂ ಬ್ರೇನ್ ಡೆತ್‌ಗೂ ವ್ಯತ್ಯಾಸ ಏನು ಮೇಡಂ?

ಡಾಕ್ಟರ್: ಮೇಲೆ ಇದೆ.

ಬೆಳಗಾವಿ ಹುಡ್ಗ: ಕೊಲ್ಹಾಪುರದಾಗ ಆಂಬುಲೆನ್ಸ್ ಹಂಪ್ ಹಾರಿದಾಗ ಸತ್ತವರು ಎದ್ದರಲ್ರೀ, ಅದಕ್ಕೇನಂತೀರಿ?

ಡಾಕ್ಟರ್: ಅಲ್ಲಿ ಈ ಪರೀಕ್ಷೆ ಆಗಿತ್ತು ಅಂತ ಯಾರು ಹೇಳಿದ್ದು? ಎರಡು ಸಲ, ನಾಲ್ಕು ಜನ, 6 ಗಂಟೆ. ಎಷ್ಟು ಸಲ ಬರೀಲಿ.

ಲೆಕ್ಕದ ಪುಸ್ತಕ: ತಾರೀಖಿನ ಪ್ರಶ್ನೆ ಹಾಗೇ ಉಳಿಯಿತು ಮೇಡಂ.

ಸುಮ್ನೆ ಓದುಗ: ಕಣ್ಣು ದಾನಕ್ಕೂ ಬ್ರೇನ್ ಡೆತ್ ಆಗಲೇಬೇಕಾ?

ಡಾಕ್ಟರ್: ಬೇಡ. ಪುನೀತ್ ರಾಜ್‌ಕುಮಾರ್ ಅವರದ್ದು ಹಾಗೇ ಆಯಿತಲ್ಲ. ಮನೆಯಲ್ಲಿ ತೀರಿಕೊಂಡರೂ ಆರು ಗಂಟೆಯೊಳಗೆ ಐ ಬ್ಯಾಂಕಿಗೆ ಫೋನ್ ಮಾಡಿ.

ಅಡಿಕೆತೋಟ: ಮೇಡಂ, ಇಲ್ಲಿದ್ದೀರಾ? ಹೃದಯ ನಿಂತಿರಲಿಲ್ಲವಂತೆ. ಸಿಟಿ ನಾರ್ಮಲ್. ಇಇಜಿ ಮಾಡಿಲ್ಲ. ಫಾರಂ 10 ಕೇಳಿದೆ, ಇನ್ನೂ ಯಾರೂ ಟೆಸ್ಟ್ ಮಾಡಿಲ್ಲ, ಬಾಯಿ ಮಾತಿಗೆ ಹೇಳಿದ್ದು ಅಂದರು. ದೊಡ್ಡ ಡಾಕ್ಟರ್ ಬೆಳಿಗ್ಗೆ ಬರ್ತಾರಂತೆ. ದೊಡ್ಡಪ್ಪ ಸದ್ಯಕ್ಕೆ ಸುಮ್ಮನಿದ್ದಾರೆ.

ಡಾಕ್ಟರ್: ಸಿಟಿ ನಾರ್ಮಲ್, ಹೃದಯ ನಿಂತಿಲ್ಲ. ಒಳ್ಳೆಯದು. ಆ ಡಾಕ್ಟರಿಗೆ ಇಇಜಿ ಕೇಳಿ, ಕಟ್ಟುಹಾವು ಅಂತ ಬಾಯಿಬಿಟ್ಟು ಹೇಳಿ. ಹಾವಿನ ಫೋಟೋ ಇದ್ದರೆ ತೋರಿಸಿ. ಅವರು ನನ್ನ ಜೊತೆ ಮಾತಾಡಬೇಕು ಅಂದರೆ ಇನ್‌ಬಾಕ್ಸಿನಲ್ಲಿ ನಂಬರ್ ಕಳಿಸಿದ್ದೇನೆ.

ಸತ್ಯಶೋಧಕ: ನೋಡಿ, ಕೇಳದೇ ಇದ್ದಿದ್ದರೆ ಹುಡುಗನ ಕಿಡ್ನಿ ಹೋಗ್ತಿತ್ತು!!

ಅಡ್ಮಿನ್: ಇವರನ್ನ ಮ್ಯೂಟ್ ಮಾಡಿದ್ದೇನೆ. ರಾತ್ರಿ ಹತ್ತೂವರೆ ಆಯಿತು, ಇನ್ನು ಹೊಸ ಪ್ರಶ್ನೆ ಬೇಡ.

ಅಡಿಕೆತೋಟ: ಈಗ ಐದು ನಿಮಿಷ ಒಳಗೆ ಬಿಟ್ಟರು ಮೇಡಂ. ಕಿವಿ ಹತ್ತಿರ ಹೋಗಿ ನಾನು ಬಂದಿದೀನಿ ಕಣೋ, ಎಲ್ಲೂ ಹೋಗಲ್ಲ ಅಂದೆ. ಏನೂ ಆಗಲಿಲ್ಲ. ಕಣ್ಣು ಅರ್ಧ ತೆರೆದುಕೊಂಡೇ ಇದೆ.

ಡಾಕ್ಟರ್: ಇವತ್ತೇ ಏನೂ ಆಗಲ್ಲ. ಕಣ್ಣಿಗೆ ಹನಿ ಹಾಕುತ್ತಿದ್ದಾರಾ, ಟೇಪ್ ಹಚ್ಚಿ ಮುಚ್ಚಿದ್ದಾರಾ? ಮುಚ್ಚಿಲ್ಲದಿದ್ದರೆ ಈಗಲೇ ವಾಪಸ್ ಹೋಗಿ ಸಿಸ್ಟರ್‌ಗೆ ಹೇಳಿ. ಒಣಗಬಾರದು.