ರಿಪ್ರೊಡಕ್ಟಿವ್ ಟಾಕ್ಸಿಕಾಲಜಿ ಲ್ಯಾಬ್‌ನಲ್ಲಿ ಕೆಲಸ, ಸೇರಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ದಾವಣಗೆರೆಯಲ್ಲಿ ಎಂಎಸ್ಸಿ ಪ್ರಾಣಿಶಾಸ್ತ್ರ ಮುಗಿಸಿದ್ದೇನೆ. ಬೆಂಗಳೂರಿನ ಒಂದು ಲ್ಯಾಬ್‌ನಿಂದ ರಿಸರ್ಚ್ ಅಸಿಸ್ಟೆಂಟ್ ಕೆಲಸಕ್ಕೆ ಕರೆ ಬಂದಿದೆ. ಔಷಧಿ, ಕೀಟನಾಶಕಗಳಿಂದ ಗರ್ಭಕ್ಕೆ, ಸಂತಾನಶಕ್ತಿಗೆ ತೊಂದರೆ ಆಗುತ್ತಾ ಅಂತ ಇಲಿಗಳಲ್ಲಿ ನೋಡುವ ವಿಭಾಗವಂತೆ. ದಿನವಿಡೀ ಏನು ಕೆಲಸ ಇರುತ್ತೆ? ಇಲಿಗಳನ್ನು ಕೊಲ್ಲಬೇಕಾ? ಈಚೆಗೆ ಮದುವೆ ಆಗಿದೆ, ಮನೆಯಲ್ಲಿ ಹೆದರುತ್ತಿದ್ದಾರೆ.

ಉತ್ತರ: ಹೌದು, ಕೊಲ್ಲಬೇಕಾಗುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿ ಎಥಿಕ್ಸ್ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವ ಹಾಗಿಲ್ಲ, ನೋವಾಗದಂತೆ ಮಾಡಲು ಕಲಿಸುತ್ತಾರೆ, ಆದರೂ ಮನಸ್ಸು ಒಪ್ಪದಿದ್ದರೆ ಸೇರಬೇಡಿ.

ಬೆಳಗ್ಗೆ ಮೊದಲ ಕೆಲಸ ಸ್ಮಿಯರ್. ಹೆಣ್ಣು ಇಲಿಯ ಯೋನಿಯಿಂದ ಒಂದು ಹನಿ ಸಲೈನ್‌ನಲ್ಲಿ ಜೀವಕೋಶ ತೆಗೆದು ಸ್ಲೈಡ್ ಮೇಲೆ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತೀರಿ. ಇಲಿಯ ಋತುಚಕ್ರ 4-5 ದಿನದ್ದು. ನ್ಯೂಕ್ಲಿಯಸ್ ಇಲ್ಲದ ಚಪ್ಪಟೆ ಕೋಶಗಳು ಚಕ್ಕೆ ಚಕ್ಕೆಯಾಗಿ ತುಂಬಿದ್ದರೆ ಬೆದೆಗೆ ಬಂದಿದೆ ಅಂತ. ಗಂಡಿನ ಜೊತೆ ಬಿಟ್ಟ ಮರುದಿನ ಸ್ಮಿಯರ್‌ನಲ್ಲಿ ವೀರ್ಯಾಣು ಕಂಡರೆ ಆ ದಿನವೇ ಗರ್ಭದ 0ನೇ ದಿನ. ಇಲ್ಲಿ ಒಂದು ದಿನ ತಪ್ಪಿದರೆ ಡೋಸಿಂಗ್ ಎಲ್ಲಾ ಹಿಂದೆ ಮುಂದೆ ಆಗುತ್ತದೆ, ಕೊನೆಗೆ ಮರಿಯ ಮೂಳೆ ಬೆಳೆದಿರುವುದು ಕಡಿಮೆ ಕಂಡು ಅದು ಔಷಧಿಯ ದೋಷ ಅನ್ನಿಸಬಹುದು. ಹಾಗಾಗಿ ಇಡೀ ಸ್ಟಡಿ ನಿಂತಿರುವುದು ನಿಮ್ಮ ಕಣ್ಣು ಮತ್ತು ನೋಟ್‌ಬುಕ್ ಮೇಲೆ.

ಗರ್ಭದ ಸ್ಟಡಿಗೆ ಸಾಮಾನ್ಯವಾಗಿ ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 414ನೇ ಪರೀಕ್ಷಾ ನಿಯಮ. ದಿನಾ ತೂಕ ನೋಡಿ, ಅದಕ್ಕೆ ತಕ್ಕ ಡೋಸ್ ಅನ್ನು ಮೊಂಡು ತುದಿಯ ನಳಿಕೆಯಿಂದ ಬಾಯಿಯ ಮೂಲಕ ನೇರ ಹೊಟ್ಟೆಗೆ ಕೊಡಬೇಕು. ಹೆರಿಗೆಗೆ ಒಂದೆರಡು ದಿನ ಇರುವಾಗಲೇ ಗರ್ಭಕೋಶ ತೆಗೆಯುತ್ತೇವೆ, ಯಾಕಂದರೆ ಹುಟ್ಟಿದ ಮೇಲೆ ಅಂಗದೋಷ ಇರುವ ಮರಿಯನ್ನು ತಾಯಿ ತಿಂದುಬಿಡಬಹುದು, ಆಗ ನಾವು ಹುಡುಕುತ್ತಿದ್ದದ್ದೇ ಕಾಣೆ. ಅರ್ಧದಷ್ಟು ಮರಿಗಳ ಮೂಳೆಗೆ ಅಲಿಜರಿನ್ ಕೆಂಪು ಬಣ್ಣ ಹಾಕುತ್ತೇವೆ. ಮಾಂಸ ಪಾರದರ್ಶಕವಾಗಿ ಪಕ್ಕೆಲುಬು, ಬೆರಳು ಒಂದೊಂದೂ ಕೆಂಪಗೆ ಎದ್ದು ಕಾಣುತ್ತವೆ, ಅದನ್ನು ಎಷ್ಟು ನೋಡಿದರೂ ನನಗೆ ಸಾಕಾಗುವುದಿಲ್ಲ.

ನೋಟ್‌ಬುಕ್‌ನಲ್ಲಿ ತಪ್ಪು ಬರೆದರೆ ಒಂದೇ ಗೆರೆ ಎಳೆದು, ಸರಿಯಾದದ್ದು ಬರೆದು, ಸಹಿ, ತಾರೀಖು ಹಾಕಿ. ವೈಟ್ನರ್ ಮುಟ್ಟುವ ಹಾಗೇ ಇಲ್ಲ.

ಇನ್ನು ನಿಮ್ಮ ಆರೋಗ್ಯ. ಜಾಸ್ತಿ ಅಪಾಯ ಇರುವುದು ಪರೀಕ್ಷೆಯ ಪುಡಿಯನ್ನು ತೂಗಿ ಡೋಸ್ ತಯಾರಿಸುವಾಗ. ಗಾಳಿಯನ್ನು ಹೊರಗೆ ಎಳೆಯುವ ಹುಡ್ ಒಳಗೇ ಮಾಡಬೇಕು, ಗ್ಲೌಸ್, ಮಾಸ್ಕ್ ಇಲ್ಲದೆ ಬೇಡ. ಅಂಗಗಳು ಕೆಡದಂತೆ ಇಡುವ ಫಾರ್ಮಲಿನ್ ಹತ್ತಿರವೂ ಅಷ್ಟೇ. ಮಗು ಬೇಕು ಅಂತ ಯೋಚಿಸುವಾಗಲೇ ಮೇಲಿನವರಿಗೆ ಹೇಳಿ, ಕೆಲಸ ಬದಲಿಸಿ ಅಂತ ಕೇಳಿ. ಗರ್ಭ ನಿಂತಮೇಲೆ ಹೇಳೋಣ ಅಂತ ಕಾಯಬೇಡಿ, ಅಂಗಾಂಗ ಮೂಡುವುದು ಮೊದಲ ವಾರಗಳಲ್ಲೇ ಅಲ್ವಾ. ಇದು ಹೆಂಗಸರ ಚಿಂತೆ ಮಾತ್ರ ಅಲ್ಲ. 1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರೋಪ್‌ನಲ್ಲಿ ಡಿಬಿಸಿಪಿ ಅನ್ನುವ ಕೀಟನಾಶಕದ ಕೆಲಸ ಮಾಡುತ್ತಿದ್ದ ಗಂಡಸರು ನಮಗೆ ಯಾಕೆ ಮಕ್ಕಳಾಗುತ್ತಿಲ್ಲ ಅಂತ ತಾವೇ ಮಾತಾಡಿಕೊಂಡು ಪರೀಕ್ಷೆ ಮಾಡಿಸಿದಾಗ ಹಲವರಲ್ಲಿ ವೀರ್ಯಾಣುವೇ ಇರಲಿಲ್ಲ. ಅದೇ ರಾಸಾಯನಿಕದಿಂದ ಇಲಿಯ ವೃಷಣ ಕುಗ್ಗುತ್ತದೆ ಅಂತ 1961ರಲ್ಲೇ ಪ್ರಕಟವಾಗಿತ್ತು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಬೆಳ್ತಂಗಡಿ ಕಡೆ ಮೇಡಂ. ಗೇರು ತೋಟಕ್ಕೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಹೊಡೆದ ಊರುಗಳು. ಇಲಿಯಲ್ಲಿ ಏನೂ ಕಾಣದಿದ್ದರೆ ಮನುಷ್ಯರಿಗೂ ಏನೂ ಆಗಲ್ಲ ಅಂತಲಾ?

ಉತ್ತರ: ಹಾಗೆ ಹೇಳಲು ಬರುವುದಿಲ್ಲ. ಥಾಲಿಡೊಮೈಡ್ ಅನ್ನುವ ಔಷಧಿ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಲು ಕಾರಣವಾಗಿ 1961ರಲ್ಲಿ ಜರ್ಮನಿಯಲ್ಲಿ ವಾಪಸಾಯಿತು. ಅದು ಇಲಿಗಳಲ್ಲಿ ಆ ದೋಷ ತೋರಿಸುವುದಿಲ್ಲ, ಮೊಲದಲ್ಲಿ ತೋರಿಸುತ್ತದೆ. ಅದಕ್ಕೇ ಔಷಧಿಗಳಿಗೆ ಸಾಮಾನ್ಯವಾಗಿ ಎರಡನೇ ಪ್ರಾಣಿಯಾಗಿ ಮೊಲ ಇರುತ್ತದೆ. ಎರಡರಲ್ಲೂ ಸರಿ ಇದ್ದರೂ ಊರಿನ ಜನರ ಆರೋಗ್ಯವನ್ನು ಬೇರೆಯಾಗಿ ನೋಡಲೇಬೇಕು. ತೋಟದ ಪಕ್ಕದ ಬಾವಿ ನೀರು ಕುಡಿದವರ ಕಥೆ ನಮ್ಮ ಪಂಜರದೊಳಗೆ ಪೂರ್ತಿ ಬರುವುದಿಲ್ಲ.

ಮೊದಲು ಕೇಳಿದವರು: ಧನ್ಯವಾದ ಮೇಡಂ. ಚಿಕ್ಕಂದಿನಲ್ಲಿ ನನಗೆ ಸ್ವಲ್ಪ ಉಬ್ಬಸ ಇತ್ತು, ತೊಂದರೆ ಆಗುತ್ತಾ?

ಉತ್ತರ: ಆಗಬಹುದು. ಇಲಿಯ ಮೂತ್ರದಲ್ಲಿರುವ ಪ್ರೋಟೀನ್ ಅಲರ್ಜಿ ತರುತ್ತದೆ. ಸೇರುವ ಮೊದಲೇ ಶ್ವಾಸಕೋಶದ ವೈದ್ಯರಿಗೆ ತೋರಿಸಿ, ಲ್ಯಾಬ್‌ನವರಿಗೂ ಹೇಳಿ. ಪಂಜರ ತೊಳೆಯುವ ಕೋಣೆಯ ಪಾಳಿ ಬೇಡ ಅಂತ ಕೇಳಿನೋಡಿ.