ಬೇಳೆ ಹಿತಕುತ್ತಾ ಲೂಕ ಓದೋಣ ಪುಟ್ಟಿ

ಪುಟ್ಟಿ, ದೊಡ್ಡಮ್ಮ ಮಾತಾಡುತ್ತಿದ್ದೇನೆ, ಕೋಲಾರದಿಂದ. ನಿನ್ನೆ ರಾತ್ರಿ ಗ್ರೂಪಿನಲ್ಲಿ ನೀನು ಹಾಕಿದ್ದನ್ನು ಬೆಳಿಗ್ಗೆ ಓದಿದೆ. ಚಿನ್ನು ಶಾಲೆಯಿಂದ ಬಂದವನೇ "ಸಾಂಟಾ ಹುಟ್ಟಿದಹಬ್ಬ ಇನ್ನು ಎಷ್ಟು ದಿನ ಅಮ್ಮಾ" ಎಂದು ಕೇಳಿದನಂತೆ. ಕ್ರಿಸ್ಮಸ್ ಯೇಸು ಹುಟ್ಟಿದ ಹಬ್ಬ ಅನ್ನೋದೇ ಅವನಿಗೆ ಗೊತ್ತಿಲ್ಲವಲ್ಲಾ ಎಂದು ನಿನಗೆ ಹೊಟ್ಟೆ ಉರಿದು, ಅದನ್ನು ಕಲಿಸೋಕೆ ರಾತ್ರಿಯೆಲ್ಲಾ ಫೋನಿನಲ್ಲಿ ಹುಡುಕಿ, ದಿನಕ್ಕೊಂದು ಚಟುವಟಿಕೆ ಅಂತ ಡಿಸೆಂಬರಿನ 25 ದಿನಕ್ಕೆ ಪಟ್ಟಿ ಮಾಡಿದ್ದೀಯ. ಬೇಕಾದ ಸಾಮಾನು ಆರ್ಡರ್ ಮಾಡಲಾ ಎಂದು ಎಲ್ಲರನ್ನೂ ಕೇಳಿದ್ದೀಯ. ಸ್ವಲ್ಪ ಉದ್ದ ಹೇಳಬೇಕಿದೆ, ಅಡುಗೆ ಮಾಡುತ್ತಾ ಕೇಳು.

ಆರ್ಡರ್ ಮಾಡಬೇಡ. ಬೈಯುತ್ತಿಲ್ಲ ಕಣೇ. ನಾನೂ ಹಾಗೇ ಮಾಡಿದವಳು. ನಿಮ್ಮ ಅಕ್ಕನಿಗೆ, ಅದೇ ನನ್ನ ಮಗಳಿಗೆ, ಆಗ ಏಳು ವರ್ಷ. ಆ ವರ್ಷ ಎಲ್ಲವೂ ಆಗಲೇಬೇಕು ಎಂದು ಹಟ ಹಿಡಿದಿದ್ದೆ. ಕಜ್ಜಾಯ, ಚಕ್ಕುಲಿ, ಕರ್ಜಿಕಾಯಿ, ಕೇಕು, ನಕ್ಷತ್ರ, ಹೊಸ ಬಟ್ಟೆ, ಕ್ಯಾರಲ್ಸಿನವರಿಗೆ ಕಾಫಿ. 24ರ ಸಂಜೆ ಅವಳು ಸಹಾಯ ಮಾಡೋಕೆ ಬಂದು, ಮೂರು ದಿನದಿಂದ ಇಟ್ಟಿದ್ದ ಕಜ್ಜಾಯದ ಹಿಟ್ಟಿನ ಡಬ್ಬಿ ಕೆಡವಿದಳು. ನಾನು ಕೂಗಾಡಿಬಿಟ್ಟೆ. ಮಗು ಪ್ರಾರ್ಥನೆಯನ್ನೂ ಮಾಡದೆ ಅಳುತ್ತಾ ಮಲಗಿತು. ಬೆಳಿಗ್ಗೆ ಚರ್ಚಿನಲ್ಲಿ ಸಂಡೇ ಸ್ಕೂಲ್ ಮಕ್ಕಳ ವಾಕ್ಯ ಹೇಳುವ ಸರದಿ. ಇವಳದು ದೇವದೂತನ ಮಾತು. ಕಣ್ಣು ಊದಿಕೊಂಡಿತ್ತು. ನನ್ನ ಕಡೆ ನೋಡುತ್ತಲೇ "ಹೆದರಬೇಡಿರಿ" ಎಂದಳು, ಆಮೇಲೆ ಗಂಟಲು ಕಟ್ಟಿತು. ಅಷ್ಟೇ, ಮುಂದಿನ ಮಾತು ಬರಲಿಲ್ಲ. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಮುಂದಿನ ವರ್ಷ ಅತ್ತೆಯವರು ಒಂದು ದಾರಿ ತೋರಿಸಿದರು. ಅವರು ಇಲ್ಲಿನ ಇ.ಟಿ.ಸಿ.ಎಂ. ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು, ಜಾಸ್ತಿ ಓದಿದವರಲ್ಲ. ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ ಇದೆಯಲ್ವಾ? ಡಿಸೆಂಬರ್ 1ಕ್ಕೆ ಒಂದನೇ ಅಧ್ಯಾಯ, 2ಕ್ಕೆ ಎರಡನೇದು. ಹೀಗೆ ಓದುತ್ತಾ ಹೋದರೆ 24ಕ್ಕೆ ಸುವಾರ್ತೆ ಮುಗಿಯುತ್ತದೆ. ಯಾವಾಗ ಓದೋದು? ನಮ್ಮ ಕಡೆ ಆಗ ಅವರೆಕಾಯಿ ಕಾಲ. ಸಂಜೆಯಾದರೆ ಮನೆಯವರೆಲ್ಲಾ ಒಂದು ಬೋಗುಣಿ ಸುತ್ತ ಕೂರಲೇಬೇಕು. "ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ, ಓದು" ಎಂದರು.

ನೆನೆಸಿದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಬೋಗುಣಿಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಚಿಕ್ಕವರಿಗೆ ಅದೇ ಆಟ. ಒಬ್ಬರು ಕೈ ತೊಳೆದುಕೊಂಡು ಸತ್ಯವೇದ ಓದೋದು, ಉಳಿದವರು ಹಿತಕೋದು. ಮಗುವನ್ನು "ಸುಮ್ನೆ ಕೂತ್ಕೋ" ಎಂದು ಗದರಬೇಕಾಗಿಯೇ ಇಲ್ಲ. 10ನೇ ತಾರೀಕು ಒಳ್ಳೆಯ ಸಮಾರ್ಯದವನು, 15ಕ್ಕೆ ತಪ್ಪಿಹೋದ ಮಗ, 19ಕ್ಕೆ ಮರ ಹತ್ತಿದ ಜಕ್ಕಾಯ. ನಿಮ್ಮ ಅಕ್ಕನಿಗೆ ಈಗಲೂ 19 ಅಂದರೆ ಜಕ್ಕಾಯನೇ. ಒಂದನೇ ಅಧ್ಯಾಯ ತುಂಬಾ ಉದ್ದ, 80 ವಚನ. ಚಿನ್ನೂಗೆ ಗಬ್ರಿಯೇಲನು ಮರಿಯಳ ಹತ್ತಿರ ಬಂದ ಭಾಗ ಮಾತ್ರ ಸಾಕು. ಬೇರೆ ಅಧ್ಯಾಯಗಳಲ್ಲೂ ಒಂದೊಂದೇ ಕಥೆ ಆರಿಸಿಕೋ. 24ರ ರಾತ್ರಿ ಕರ್ತರಾದ ಯೇಸು ಸತ್ತು ಮತ್ತೆ ಎದ್ದುಬಂದ ಅಧ್ಯಾಯ ಬರುತ್ತದೆ. ಹುಟ್ಟಿದ ಹಬ್ಬದ ಹಿಂದಿನ ರಾತ್ರಿ ಅದನ್ನೇಕೆ ಓದೋದು ಎಂದು ಅವನು ಕೇಳೇ ಕೇಳುತ್ತಾನೆ. ಕೇಳಲಿ. ಯಾಕೆ ಹುಟ್ಟಿದರು ಎಂದು ಹೇಳುವುದಕ್ಕೆ ಅದಕ್ಕಿಂತ ಒಳ್ಳೆ ಸಮಯ ನಿನಗೆ ಸಿಗೋದಿಲ್ಲ. 25ರ ಬೆಳಿಗ್ಗೆ ಎರಡನೇ ಅಧ್ಯಾಯವನ್ನು ಮತ್ತೆ ಓದಿ ಚರ್ಚಿಗೆ ಹೊರಡಿ.

ಇರು, ಕುಕ್ಕರ್ ಕೂಗಿತು... ಹಾಂ, ಬಂದೆ.

ಆ ಎರಡನೇ ಅಧ್ಯಾಯ ಓದುವ ಮುಂಚೆ ಒಂದು ಸಂಜೆ ಚಿನ್ನೂನ ಇಲ್ಲಿಗೆ ಕರೆದುಕೊಂಡು ಬಾ. ರಾಗಿ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ಹಾಕಿಸಿರುತ್ತಾರೆ. ಕುರಿ ಕಾಯುವವರು ಕಂಬಳಿ ಹೊದ್ದು, ಸಣ್ಣ ಬೆಂಕಿ ಹಾಕಿಕೊಂಡು, ನಾಯಿ ಜೊತೆ ಅಲ್ಲೇ ರಾತ್ರಿ ಕಳೆಯುತ್ತಾರೆ. ಚಳಿಯಲ್ಲಿ ಹತ್ತು ನಿಮಿಷ ಅಲ್ಲಿ ನಿಲ್ಲಿಸು. ಆ ಹೊಗೆ, ಆ ಕುರಿ ವಾಸನೆ ಅವನ ಮೂಗಿಗೆ ಬಡಿಯಲಿ. ಆಮೇಲೆ "ಕುರುಬರು ರಾತ್ರಿಯಲ್ಲಿ ಕುರಿಹಿಂಡನ್ನು ಕಾಯುತ್ತಿದ್ದರು" ಎಂದು ಓದು. ನಮ್ಮ ಪಕ್ಕದ ಮನೆಯವರ ಕೊಟ್ಟಿಗೆಯಲ್ಲಿ ಹಸು ಮೇವು ತಿನ್ನುವ ಗೋದಲಿಯನ್ನೂ ತೋರಿಸೋಣ, ಮಗು ಯೇಸುವನ್ನು ಮಲಗಿಸಿದ್ದು ಅಂಥದ್ದರಲ್ಲೇ. ಅಂಗಡಿಯ ಥರ್ಮಾಕೋಲ್ ಗೋದಲಿ ಎಷ್ಟು ಚೆಂದ ಇದ್ದರೂ, ಕಲ್ಲಿನ ಗೋದಲಿಯ ಒಳಗೆ ಕೈ ಇಟ್ಟು ಅದರ ತಂಪು ಮುಟ್ಟಿ ನೋಡಿದ ಮಗು ಮರೆಯೋದಿಲ್ಲ.

ನಿನ್ನ ಪಟ್ಟಿಯಲ್ಲಿ ಆಗಮನ ಕಾಲದ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ, ಮೇಣದಬತ್ತಿ ಚಕ್ರ ಇತ್ತು. ಅದನ್ನು ಮಾತ್ರ ಉಳಿಸಿಕೋ, ಆದರೆ ಕೊಳ್ಳಬೇಡ. ಸ್ಟೀಲ್ ತಟ್ಟೆಗೆ ರಾಗಿ ಸುರಿದು ನಾಲ್ಕು ಬತ್ತಿ ನೆಡು. ವಾರಕ್ಕೊಂದರಂತೆ ಆ ನಾಲ್ಕು ಭಾನುವಾರ ಹಚ್ಚು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ವಿಖೆರ್ನ್ ಎಂಬ ಬೋಧಕರು ಬಡ ಮಕ್ಕಳ ಆಶ್ರಮದಲ್ಲಿ ಮರದ ಚಕ್ರದ ಮೇಲೆ ಬತ್ತಿ ಇಟ್ಟು ಇದನ್ನು ಶುರು ಮಾಡಿದ್ದು. ಕ್ರಿಸ್ಮಸ್ ಯಾವಾಗ, ಯಾವಾಗ ಎಂದು ಆ ಮಕ್ಕಳೂ ನಮ್ಮ ಚಿನ್ನೂ ಥರಾನೇ ದಿನಾ ಕೇಳುತ್ತಿದ್ದರಂತೆ.

ಇನ್ನು ಸಾಂಟಾ ವಿಷಯ. ಅವನ ಮೇಲೆ ಕೋಪ ಮಾಡಿಕೊಳ್ಳಬೇಡ, ನಿಜ ಹೇಳಿಬಿಡು. ಈಗಿನ ಟರ್ಕಿಯಲ್ಲಿ ಮೈರಾ ಎಂಬ ಊರಿತ್ತು, ಅಲ್ಲಿ ನಿಕೊಲಸ್ ಎಂಬ ಬಿಷಪ್ ಇದ್ದರು. ವರದಕ್ಷಿಣೆಗೆ ಹಣವಿಲ್ಲದ ಮೂವರು ಹೆಣ್ಣುಮಕ್ಕಳ ಮನೆಗೆ ರಾತ್ರಿ ಗುಟ್ಟಾಗಿ ಚಿನ್ನದ ಚೀಲ ಎಸೆದು ಹೋದರು ಎಂದು ಹಳೇ ಕಥೆ ಇದೆ. ಅವರನ್ನು ನೆನೆಯುವ ದಿನ ಡಿಸೆಂಬರ್ 6. ಆ ದಿನ ಚಿನ್ನು ಯಾರಿಗಾದರೂ ಗುಟ್ಟಾಗಿ ಏನಾದರೂ ಕೊಡಲಿ. ನಿಮ್ಮ ಅಪಾರ್ಟ್‌ಮೆಂಟ್ ಗುಡಿಸುವ ಅಮ್ಮನ ಚೀಲದಲ್ಲಿ ಎರಡು ಕಿತ್ತಳೆ ಇಟ್ಟು ಓಡಿಬರಲಿ. ಸಿಕ್ಕಿಬೀಳದೆ ಕೊಡುವ ಸಂತೋಷ ಒಮ್ಮೆ ರುಚಿ ಹತ್ತಿದರೆ, ಸಾಂಟಾ ಏನು ತರುತ್ತಾನೆ ಎಂಬ ಮಾತು ತಾನಾಗೇ ಕಡಿಮೆಯಾಗುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯಿತು.

ಯೇಸು ಹುಟ್ಟಿದ ದೃಶ್ಯದ ಗೊಂಬೆ ಜೋಡಿಸಿದರೆ, ನಕ್ಷತ್ರ ನೋಡಿ ಯೇಸುವನ್ನು ಹುಡುಕಿಕೊಂಡು ಬಂದ ಮೂಡಣದ ಜೋಯಿಸರನ್ನು ಮಾತ್ರ ಗೋದಲಿ ಹತ್ತಿರ ಇಡಬೇಡ. ಅವರ ಕಥೆ ಬರೋದು ಮತ್ತಾಯನಲ್ಲಿ. ಅವರನ್ನು ಮನೆಯ ಮೂಲೆಯ ಕಿಟಕಿಯಿಂದ ಹೊರಡಿಸು. ದಿನಾ ಒಂದು ಗೇಣು ಮುಂದೆ ಸರಿಸುವ ಕೆಲಸ ಚಿನ್ನೂದು. ಅವರು ಬಂದದ್ದನ್ನು ನೆನೆಯುವ ಜನವರಿ 6ಕ್ಕೆ ಗೋದಲಿ ತಲುಪಲಿ. ಆ ಕೆಲಸವನ್ನು ಅವನಿಗೆ ಬಿಟ್ಟರೆ ಬಿಟ್ಟದ್ದೇ. ಒಂದು ದಿನ ಮರೆತರೂ ನೀನು ಸರಿಸಬೇಡ.

ಅಕ್ಕಪಕ್ಕದವರ ಮನೆಗೆ ತಿಂಡಿ ತಟ್ಟೆ ಅವನ ಕೈಯಲ್ಲೇ ಕಳಿಸು. ಸಂಕ್ರಾಂತಿಗೆ ಅವರು ಎಳ್ಳುಬೆಲ್ಲ ಕೊಡುತ್ತಾರಲ್ವಾ? "ಏನಪ್ಪಾ ಹಬ್ಬ" ಎಂದು ಯಾರಾದರೂ ಕೇಳಿದರೆ ಉತ್ತರ ಅವನ ಬಾಯಿಂದ ಬರಬೇಕು. ಅದನ್ನು ಮೊದಲೇ ಬಾಯಿಪಾಠ ಮಾಡಿಸಬೇಡ. 24 ದಿನ ಕೇಳಿದ್ದರಲ್ಲಿ ಏನು ಉಳಿದಿದೆಯೋ ಅದನ್ನೇ ಹೇಳಲಿ.

ಕೇಕಿಗೆ ಸಮಯ ಸಿಗದಿದ್ದರೆ ಬೇಕರಿಯಿಂದ ತಾ, ಪರವಾಗಿಲ್ಲ.

ಸೊಗಡು ಅವರೆ ಈಗ ತಾನೇ ಬರುತ್ತಿದೆ. ತುಮಕೂರಿಗೆ ಬರುವವರು ಯಾರಾದರೂ ಸಿಕ್ಕರೆ ಐದು ಕೆ.ಜಿ. ಕಳಿಸುತ್ತೇನೆ. 30ನೇ ತಾರೀಕು ರಾತ್ರಿ ಕಾಳು ನೆನೆಸಿಡು. 1ನೇ ತಾರೀಕು ಸಂಜೆ ಏಳಕ್ಕೆ ವಿಡಿಯೋ ಕಾಲ್ ಮಾಡಿ ಫೋನನ್ನು ಬೋಗುಣಿ ಪಕ್ಕ ನಿಲ್ಲಿಸು. ಮೊದಲ ಅಧ್ಯಾಯ ನಾನೇ ಓದುತ್ತೇನೆ, ಎರಡನೇದು ಚಿನ್ನು ಓದಲಿ.