ಬೆಲ್ಲ ಬೇಡ, ಕುಲಕರ್ಣಿಯವರೇ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಒಂದು ಹಿತ್ತಿಲು. ಶನಿವಾರದ ಸಂಜೆ, ಫಿಲ್ಟರ್ ಕಾಫಿ, ಒಂದು ಬಟ್ಟಲು ಕೋಡುಬಳೆ, ಮೂರು ಕುರ್ಚಿ. ಒಂದರಲ್ಲಿ ಶಾರದಕ್ಕ, ಇನ್ನೊಂದರಲ್ಲಿ ಗೌಡ್ರು, ಮೂರನೆಯದರಲ್ಲಿ ಕೆಂಪು ಆರ್‌ಸಿಬಿ ಟೋಪಿ ಹಾಕಿದ ಧಾರವಾಡದ ಕುಲಕರ್ಣಿ. ಸೂರಿನಂಚಿಗೆ ತೂಗುಹಾಕಿದ್ದ, ಹಕ್ಕಿಗೆ ಸಿಹಿ ಇಡುವ ಫೀಡರ್ ಹತ್ತಿರ ಗುಂಯ್ ಅಂತ ಏನೋ ಬಂತು, ಹೋಯಿತು.

"ಎಂಥಾ ದೊಡ್ಡ ದುಂಬಿ ನೋಡ್ರಿ!"

"ದುಂಬಿ ಅಲ್ಲ ಸ್ವಾಮಿ, ಹಕ್ಕಿ. ಹಮ್ಮಿಂಗ್‌ಬರ್ಡ್," ಅಂದರು ಗೌಡ್ರು. "ಆನಾ ಅಂತ ಜಾತಿ. ತೂಕ ನಾಲ್ಕು ಗ್ರಾಂ. ಒಂದು ಟೀ ಚಮಚ ಸಕ್ಕರೆ ತೂಗಿದಂಗೆ."

"ಅಂದ್ರ ನಮ್ಮ ಸೂರಕ್ಕಿ."

"ಸೂರಕ್ಕಿಯೂ ಅಲ್ಲ," ಶಾರದಕ್ಕ ಲೋಟ ಕೆಳಗಿಟ್ಟರು. "ಸೂರಕ್ಕಿ ಹೂವಿನ ಪಕ್ಕ ಕಾಲೂರಿ ಕೂತು ಊಟ ಮಾಡೋ ಗೃಹಸ್ಥ. ಇದು ಗಾಳೀಲಿ ನಿಂತೇ ಊಟ, ದರ್ಶಿನಿ ಗಿರಾಕಿ ಥರ. ಊಟ ಮುಗೀತು ಅಂದ್ರೆ ಬಂದ ಹಾಗೇ ಹಿಂದಕ್ಕೂ ಹಾರತ್ತೆ. ಎರಡಕ್ಕೂ ನೆಂಟಸ್ತನ ಇಲ್ಲ. ಇದರ ಕುಲ ಪೂರ್ತಿ ಅಮೆರಿಕ ಖಂಡಗಳದ್ದೇ, ಮೇಲೆ ಅಲಾಸ್ಕಾದಿಂದ ಕೆಳಗೆ ದಕ್ಷಿಣದ ತುದಿವರೆಗೆ. ವಾಟ್ಸಾಪಲ್ಲಿ 'ನಮ್ಮ ತೋಟಕ್ಕೆ ಬಂದ ಹಮ್ಮಿಂಗ್‌ಬರ್ಡ್' ಅಂತ ಮಲೆನಾಡಿಂದ ವಿಡಿಯೋ ಬರತ್ತಲ್ಲ, ಅದರಲ್ಲಿರೋದು ಒಂದೋ ಸೂರಕ್ಕಿ, ಇಲ್ಲಾ ಹೂವಿನ ಮುಂದೆ ತೇಲೋ ಪತಂಗ."

"ಇರಲಿ. ಮನಿಗೆ ಬಂದದ್ದಕ್ಕ ಏನು ಇಟ್ಟೀರಿ?"

"ಸಕ್ಕರೆ ನೀರು. ಒಂದು ಅಳತೆ ಸಕ್ಕರೆಗೆ ನಾಲ್ಕು ಅಳತೆ ನೀರು."

ಕುಲಕರ್ಣಿಗೆ ನೋವಾಯಿತು. "ಒಂದಕ್ಕ ನಾಕು? ಅದು ಪಾಕನೂ ಅಲ್ಲ, ಪಾನಕನೂ ಅಲ್ಲ. ಅತಿಥಿಗೆ ಇಷ್ಟು ತೆಳ್ಳಗ ಬಡಸ್ತಾರೇನ್ರಿ? ಒಂದೆಳೆ ಪಾಕ ತೆಗೀರಿ, ಏಲಕ್ಕಿ ಪುಡಿ ಉದುರಸ್ರಿ."

"ಎಳೆ ಪಾಕ ತೆಗೆದರೆ ಅದರ ನಾಲಿಗೆಗೆ ಏರಲ್ಲ," ಅಂದರು ಶಾರದಕ್ಕ. "ಅದೇನು ಸ್ಟ್ರಾ ಹಾಕಿ ಹೀರ್ತಿದೆ ಅಂದ್ಕೊಂಡ್ರಾ? ನಾಲಿಗೆ ತುದೀಲಿ ಎರಡು ಸೀಳು, ಎರಡರಲ್ಲೂ ಒಂದೊಂದು ಸಣ್ಣ ಕಾಲುವೆ. ರಸದಲ್ಲಿ ಅದ್ದಿದಾಗ ಬಿಚ್ಚಿಕೊಳ್ಳತ್ತೆ, ಎಳೆದಾಗ ಮಡಚಿಕೊಂಡು ರಸ ಹಿಡ್ಕೊಂಡು ಬರತ್ತೆ. ಸೆಕೆಂಡಿಗೆ ಹತ್ತು ಹದಿನೈದು ಸಲ. ಗಟ್ಟಿ ಇದ್ದಷ್ಟೂ ಆ ಓಟ ನಿಧಾನ. ಅದು ಹುಡುಕಿಕೊಂಡು ಹೋಗೋ ಹೂಗಳ ರಸದಲ್ಲೇ ಸಕ್ಕರೆ ಇರೋದು ಹೆಚ್ಚುಕಡಿಮೆ 20 ಪರ್ಸೆಂಟ್. ಒಂದಕ್ಕೆ ನಾಲ್ಕು ಅಂದರೆ ಅಲ್ಲಿಗೇ ಬಂತು."

"ಹಂಗಾದ್ರ ಬೆಲ್ಲ. ಬೆಲ್ಲ ಆರೋಗ್ಯಕ್ಕ ಛಲೋ. ಕಬ್ಬಿಣದ ಅಂಶ ಅದ."

"ಅದೇ ತೊಂದರೆ!" ಗೌಡ್ರು ಕೋಡುಬಳೆಯಿಂದ ತೋರಿಸಿದರು. "ಹೂವಿನ ರಸದಲ್ಲಿ ಕಬ್ಬಿಣ ಅನ್ನೋದು ಇಲ್ಲ ಅನ್ನೋವಷ್ಟು ಕಮ್ಮಿ. ಬೆಲ್ಲ ಹಾಕಿದ್ರೆ ಬೇಡದ ಕಬ್ಬಿಣ ಮೈಯೊಳಗೆ ಕೂರುತ್ತೆ. ಕಂದು ಸಕ್ಕರೆ, ಅಂಗಡೀಲಿ ಆರ್ಗ್ಯಾನಿಕ್ ಅಂತ ಸಿಗೋ ಕೆಂಚು ಸಕ್ಕರೆ, ಕಾಕಂಬಿ, ಯಾವುದೂ ಆಗಲ್ಲ. ಡಾಕ್ಟ್ರು ನಮಗೆ ಬೇಡ ಅಂದವ್ರೆ ನೋಡಿ, ಆ ಬಿಳಿ ಸಕ್ಕರೇನೇ ಅದಕ್ಕೆ ಪಥ್ಯ."

"ಜೇನುತುಪ್ಪ?"

"ಜೇನು ಗಟ್ಟಿ ಇರೋವರೆಗೂ ಕೆಡಲ್ಲ. ನೀರು ಬೆರೆಸಿದ ಕೂಡಲೇ ಹುಳಿಯತ್ತೆ, ಬೂಸ್ಟು ಹಿಡಿಯತ್ತೆ. ಐಸಿಂಗ್ ಶುಗರಲ್ಲಿ ಮೆಕ್ಕೆಜೋಳದ ಹಿಟ್ಟು ಬೆರೆಸಿರ್ತಾರೆ, ಅದೂ ಬೇಡ. ಕಲ್ಲುಸಕ್ಕರೆ ಅಂತ ನೀವು ಬಾಯಿ ತೆರೆಯೋ ಮುಂಚೆ ಹೇಳಿಬಿಡ್ತೀನಿ, ಬಿಳೀದಾದ್ರೆ ವಿಷ ಏನಲ್ಲ, ಆದ್ರೆ ಲೋಟದಲ್ಲಿ ಅಳೆಯುವಾಗ ಹರಳುಗಳ ಮಧ್ಯೆ ಸಂದು ಉಳಿದು ಲೆಕ್ಕ ತಪ್ಪತ್ತೆ."

"ಹಂಗಾದ್ರ ಶುಗರ್ ಇದ್ದೋರು ಚಹಾಕ್ಕ ಹಾಕೋ ಸಿಹಿ ಗುಳಿಗಿ?"

"ಅದರಲ್ಲಿ ಶಕ್ತಿ ಎಲ್ಲಿದೆ ರೀ? ಸೆಕೆಂಡಿಗೆ ನಲವತ್ತು ಸಲ ರೆಕ್ಕೆ ಬಡಿಯೋದಕ್ಕೆ ಗುಳಿಗೆ ನೀರು ಕುಡಿಸ್ತೀರಾ? ಅದಲ್ಲದೆ ಈ ಹಕ್ಕಿಗೆ ಮೋಸ ಮಾಡೋದು ಸುಲಭ ಅಲ್ಲ. ಸಿಹಿ ಗುರುತಿಸೋ ನಮ್ಮಂಥ ವ್ಯವಸ್ಥೆ ಹಕ್ಕಿಗಳಲ್ಲಿ ಇಲ್ಲ. ಮಾಂಸದ ರುಚಿ ಗೊತ್ತುಮಾಡೋ ಜೀನುಗಳನ್ನೇ ಇದು ಕಾಲಾಂತರದಲ್ಲಿ ಸಿಹಿಗೆ ತಿರುಗಿಸಿಕೊಂಡಿದೆ ಅಂತ 2014ರಲ್ಲಿ ಪತ್ತೆಯಾಯ್ತು. ಆ ಗುಳಿಗೇಲಿರೋ ಆಸ್ಪರ್ಟೇಮ್ ಹಾಕಿಟ್ಟರೆ ಬರೀ ನೀರು ಅಂತ ತಿಳಿದು ನಡೀತಾ ಇರತ್ತೆ."

ಕುಲಕರ್ಣಿ ಸೋತರೂ ಶಸ್ತ್ರ ಕೆಳಗಿಡಲಿಲ್ಲ. "ಬಣ್ಣಾ ಆದ್ರೂ ಹಾಕ್ರಿ. ಕೆಂಪು ಶರಬತ್ತಿನಂಗ ಕಾಣಸ್ತದ."

"ಫೀಡರ್ ಹೂವುಗಳೇ ಕೆಂಪಿವೆ, ಸಾಕು. ಬಣ್ಣದಿಂದ ಹಕ್ಕಿಗೆ ಕಾಸಿನ ಉಪಯೋಗ ಇಲ್ಲ, ಮಾರೋರಿಗೆ ಮಾತ್ರ ಇದೆ."

ಪಾಕಶಾಲೆಯ ವಿಧಾನಕ್ಕೆ ಬಂದಾಗ ಶಾರದಕ್ಕ ಶಿಸ್ತಿನ ಮನುಷ್ಯರು. ಅಳೆಯೋದು ತಕ್ಕಡಿಯಲ್ಲಲ್ಲ, ಒಂದೇ ಲೋಟದಲ್ಲಿ. ಒಂದು ಸಣ್ಣ ಫೀಡರಿಗೆ ಕಾಲು ಕಪ್ ಸಕ್ಕರೆ, ಒಂದು ಕಪ್ ನೀರು ಧಾರಾಳವಾಯಿತು. ಬಿಸಿ ನೀರಿಗೆ ಸಕ್ಕರೆ ಸುರಿದು ಕರಗುವ ತನಕ ತಿರುಗಿಸುವುದು, ಪೂರ್ತಿ ಆರಿಸಿ ತುಂಬಿಸುವುದು. ಕುದಿಸಲೇಬೇಕೆಂದಿಲ್ಲ. ಸಕ್ಕರೆ ಹಾಕಿ ಒಲೆಯ ಮೇಲೆ ಮರೆತರೆ ನೀರು ಆವಿಯಾಗಿ ಒಂದಕ್ಕೆ ನಾಲ್ಕು ಇದ್ದದ್ದು ಒಂದಕ್ಕೆ ಎರಡಾಗುತ್ತದೆ, ಆಮೇಲೆ ಕುಲಕರ್ಣಿಯ ಎಳೆ ಪಾಕಕ್ಕೆ ಬಹಳ ದೂರವಿಲ್ಲ. ಉಳಿದದ್ದು ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಬಾಟಲಿ ಮೇಲೆ ಚೀಟಿ ಅಂಟಿಸಬೇಕು. ಇಲ್ಲದಿದ್ದರೆ ಮನೆಗೆ ಬಂದವರು ನಿಂಬೆಹಣ್ಣು ಹಿಂಡಿ ಕುಡಿದುಬಿಡುತ್ತಾರೆ.

"ಇಷ್ಟೇನಾ ಕೆಲಸ? ಭಾಳ ಸಸ್ತಾ ಆತು."

"ಇದು ಕೆಲಸ ಅಲ್ಲ. ತೊಳೆಯೋದು ಕೆಲಸ," ಗೌಡ್ರ ಮುಖ ಬಾಡಿತು. ಆ ಮನೆಯಲ್ಲಿ ತೊಳೆಯುವ ಖಾತೆ ಯಾರದು ಅಂತ ಬಿಡಿಸಿ ಹೇಳಬೇಕಿಲ್ಲ. "32 ಡಿಗ್ರಿ ದಾಟಿದ್ರೆ ದಿನಾ ಬದಲಾಯಿಸ್ಬೇಕು. ಸಾಧಾರಣ ಸೆಖೇಲಿ ಎರಡು ಮೂರು ದಿನ. ಚಳಿ ಇದ್ರೆ ನಾಲ್ಕೈದು. ರಸ ಮಂಕಾಗಿ ಕಾಣ್ತು ಅಂದ್ರೆ ದಿನ ಲೆಕ್ಕ ಹಾಕ್ತಾ ಕೂರಂಗಿಲ್ಲ, ಚೆಲ್ಲಬೇಕು. ಮಂಕಾಗಿದೆ ಅಂದ್ರೆ ಅದರೊಳಗೆ ಯೀಸ್ಟು, ಬ್ಯಾಕ್ಟೀರಿಯಾ ಮದುವೆ ಮಾಡ್ಕೊಂಡು ಸಂಸಾರ ಹೂಡವ್ರೆ ಅಂತ."

"ಉಳಿದದ್ದರ ಮ್ಯಾಲ ಹೊಸಾದು ಸುರಿದ್ರ?"

"ಹುಳಿ ದೋಸೆ ಹಿಟ್ಟಿಗೆ ಹೊಸ ಹಿಟ್ಟು ಬೆರೆಸಿದ ಹಾಗೆ. ಹೆಪ್ಪು ಹಾಕಿದಂಗಾಯ್ತು. ಹಳೇದು ಚೆಲ್ಲಿ, ಬಿಚ್ಚಿ, ಬಿಸಿ ನೀರಲ್ಲಿ ಬ್ರಷ್ ಹಾಕಿ ಉಜ್ಜಿ, ಆಮೇಲೆ ಹೊಸದು. ಕುಡಿಯೋ ತೂತುಗಳಿಗೆ ಬೇರೆ ಸಣ್ಣ ಬ್ರಷ್ ಬೇಕು, ಕೊಳೆ ಕೂರೋದೇ ಅಲ್ಲಿ. ಜಿಡ್ಡು ಜಿಡ್ಡಾದ್ರೆ ವಿನೆಗರ್ ನೀರು. ಕಪ್ಪು ಬೂಸ್ಟು ಹಿಡಿದಿದ್ರೆ ಒಂದು ಗ್ಯಾಲನ್ ನೀರಿಗೆ ಕಾಲು ಕಪ್ ಬ್ಲೀಚ್, ಅಂದ್ರೆ 3.8 ಲೀಟರಿಗೆ 60 ಎಂಎಲ್, ಅದರಲ್ಲಿ ಒಂದು ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ, ಒಣಗಿಸಿ. ಇನ್ನೂ ಶುದ್ಧ ಆಗಲಿ ಅಂತ ವಿನೆಗರ್, ಬ್ಲೀಚ್ ಎರಡನ್ನೂ ಒಟ್ಟಿಗೆ ಹಾಕಬ್ಯಾಡಿ. ಕ್ಲೋರಿನ್ ಗ್ಯಾಸ್ ಏಳುತ್ತೆ, ಹಕ್ಕಿಗಿಂತ ಮುಂಚೆ ನಾವು ಹಾರಿಹೋಗ್ತೀವಿ."

"ನಮ್ಮ ಅಜ್ಜೀ ಮಡಿ ಇದರ ಮುಂದ ಏನೂ ಅಲ್ಲ ಬಿಡ್ರಿ."

ಫೀಡರಿನ ಆಕಾರದ ವಿಷಯದಲ್ಲಿ ಶಾರದಕ್ಕನಿಗೆ ಅಭಿಪ್ರಾಯ ಗಟ್ಟಿ. ಬೋರಲು ಹಾಕಿದ ಬಾಟಲಿ ನೋಡಲು ಚೆಂದ, ಸೋರುವುದರಲ್ಲಿ ಇನ್ನೂ ಚೆಂದ. ಬಾಟಲಿಯ ಮೇಲ್ಭಾಗದಲ್ಲಿ ಸಿಕ್ಕಿಕೊಂಡ ಗಾಳಿ ಬಿಸಿಲಿಗೆ ಹಿಗ್ಗುತ್ತದೆ, ಹಿಗ್ಗಿ ರಸವನ್ನು ತೂತಿನಿಂದ ಹೊರಗೆ ತಳ್ಳುತ್ತದೆ. ಹಕ್ಕಿ ಕಮ್ಮಿ ಬರುತ್ತೆ, ಅರ್ಧ ಬಾಟಲಿ ತುಂಬಿಸೋಣ ಅಂತ ಜಾಣತನ ಮಾಡಿದರೆ ಒಳಗೆ ಗಾಳಿ ಹೆಚ್ಚು, ಸೋರುವುದೂ ಹೆಚ್ಚು. ತಟ್ಟೆಯಂಥ ಫೀಡರಿನಲ್ಲಿ ತೂತು ಮುಚ್ಚಳದಲ್ಲಿ, ರಸ ಕೆಳಗೆ. ಸೋರುವ ಪ್ರಶ್ನೆಯೇ ಇಲ್ಲ, ಎಷ್ಟು ಬೇಕೋ ಅಷ್ಟೇ ತುಂಬಿಸಬಹುದು, ತೊಳೆಯಲು ಕೈ ಒಳಗೆ ಹೋಗುತ್ತದೆ. ಅದನ್ನು ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಬೀಳುವ ಕಡೆ ತೂಗುಹಾಕಬೇಕು.

"ಇರುವಿ ಬಂದಾವ್ರಿ, ಅಲ್ಲೆ!"

"ಬಂದವು, ನೀರು ನೋಡಿ ವಾಪಸ್ ಹೋಗ್ತವೆ," ಅಂದರು ಗೌಡ್ರು. ಫೀಡರಿನ ಮೇಲೆ, ಕೊಕ್ಕೆಯ ಮಧ್ಯದಲ್ಲಿ, ಒಂದು ಪುಟ್ಟ ಬಟ್ಟಲಲ್ಲಿ ನೀರು ನಿಂತಿತ್ತು. ಚಿತ್ರದುರ್ಗದ ಕೋಟೆಗೆ ಕಂದಕ ಇದ್ದಂತೆ. ಇರುವೆಗಳ ಸೈನ್ಯ ದಡದಲ್ಲಿ ಸಭೆ ಸೇರಿತ್ತು. "ನೀರು ಆರಿದ ದಿನ ಅವೂ ದಾಟಿಬಿಡ್ತವೆ, ಅದೊಂದು ನೋಡ್ಕೋಬೇಕು."

"ಫೀಡರಿನ ಕೊಂಡಿಗೆ ಎಣ್ಣಿ ಸವರಿದ್ರ ಆತಲ್ಲ?"

"ಎಣ್ಣೆ, ವ್ಯಾಸಲೀನು ಗರಿಗೆ ಅಂಟಿದ್ರೆ ಹಕ್ಕಿ ಅದನ್ನ ತೊಳ್ಕೊಳ್ಳೋಕೆ ಆಗಲ್ಲ. ಇನ್ನು ಜೇನುನೊಣ, ಕಡಜ. ಅವಕ್ಕೆ ಹಳದಿ ಕಂಡ್ರೆ ಪ್ರಾಣ. ಹಳದಿ ಹೂವಿನ ಅಲಂಕಾರ ಇರೋ ಫೀಡರ್ ತಗೋಬೇಡಿ. ತಟ್ಟೆ ಫೀಡರಲ್ಲಿ ರಸ ಆಳದಲ್ಲಿರತ್ತೆ, ಹಕ್ಕಿ ನಾಲಿಗೆಗೆ ಎಟುಕತ್ತೆ, ನೊಣದ್ದಕ್ಕೆ ಇಲ್ಲ. ಆಮೇಲೂ ಮುತ್ತಿದ್ರೆ ಒಂದೆರಡು ಮೀಟರ್ ಜಾಗ ಬದಲಾಯಿಸಿ. ಹಕ್ಕಿ ಹುಡುಕಿಕೊಂಡು ಬರತ್ತೆ, ನೊಣಗಳಿಗೆ ತಡ ಆಗತ್ತೆ."

ಅಷ್ಟರಲ್ಲಿ ಎರಡನೇ ಹಕ್ಕಿ ಬಂತು. ಕೊಕ್ಕು ಇಳಿಸುವ ಮೊದಲೇ ನಿಂಬೆ ಗಿಡದ ಒಣ ಕಡ್ಡಿಯಿಂದ ಇನ್ನೊಂದು ಬಾಣದ ಹಾಗೆ ಬಿದ್ದು ಅದನ್ನು ಬೇಲಿಯಾಚೆ ಅಟ್ಟಿತು. ಮರಳಿ ಬಂದು ಅದೇ ಕಡ್ಡಿಯ ಮೇಲೆ ಕೂತಿತು. ತಲೆ ತಿರುಗಿಸಿದಾಗ ಅಲ್ಲಿಯವರೆಗೆ ಕಪ್ಪಗಿದ್ದ ಮುಖ, ಗಂಟಲು ಬೆಂಕಿ ಹೊತ್ತಿದಂತೆ ಕಡುಗುಲಾಬಿಯಾಯಿತು. ಮತ್ತೆ ತಿರುಗಿದಾಗ ಕಪ್ಪು. ಬೆಳಕು ಬೀಳುವ ಕೋನದ ಆಟ ಅದು.

"ಇವನ್ಯಾರ್ರಿ, ಚತ್ರದ ಮ್ಯಾನೇಜರ?"

"ಗಂಡು. ಫೀಡರ್ ತನ್ನ ಅಪ್ಪನ ಆಸ್ತಿ ಅಂದ್ಕೊಂಡವ್ನೆ. ಕುಡಿಯೋದು ಒಂದು ಗುಟುಕು, ಕಾವಲು ದಿನಾ ಪೂರ್ತಿ. ಇನ್ನೊಂದು ಫೀಡರನ್ನ ಪಕ್ಕದಲ್ಲೇ ಇಟ್ರೆ ಎರಡನ್ನೂ ಕಾಯ್ತಾನೆ. ಮನೆ ಮೂಲೆ ತಿರುಗಿಸಿ, ಇಲ್ಲಿಂದ ಕಾಣದ ಕಡೆ ಇಡಬೇಕು. ಒಬ್ಬನಿಗೆ ಎರಡು ಕಡೆ ಡ್ಯೂಟಿ ಆಗಲ್ಲ."

"ಜಗಳಾಡಿಕೊಂತ ಹೋಗಿ ಕಿಟಕಿ ಗಾಜಿಗೆ ಹೊಡಕೊಂಡ್ರ?"

"ಅದಕ್ಕೇ ಫೀಡರ್ ಕಿಟಕಿಗೆ ಒಂದು ಮೀಟರ್ ಒಳಗಿರಬೇಕು, ಇಲ್ಲಾ ಹತ್ತು ಮೀಟರ್ ಆಚೆ. ಹತ್ತಿರ ಇದ್ದರೆ ವೇಗ ಹತ್ತೋದ್ರೊಳಗೆ ಗಾಜು ಸಿಗತ್ತೆ, ಪೆಟ್ಟು ಕಮ್ಮಿ. ಮಧ್ಯದ ದೂರವೇ ಕೆಟ್ಟದ್ದು. ಬೆಕ್ಕಿಗೆ ನೆಗೆಯೋಕೆ ಕೆಳಗೆ ಪೊದೆ ಇರಬಾರದು. ಮತ್ತೆ ನಂಬ್ತೀರೋ ಇಲ್ವೋ, ಮಿಡತೆಯಂಥ ಹುಳ ಕೈ ಮುಗಿದು ಕೂತಿರತ್ತಲ್ಲ, ಮ್ಯಾಂಟಿಸ್, ಅದು ಫೀಡರ್ ಮೇಲೆ ಹೊಂಚು ಹಾಕಿ ಹಮ್ಮಿಂಗ್‌ಬರ್ಡನ್ನೇ ಹಿಡಿದು ತಿನ್ನತ್ತೆ. ಕಂಡರೆ ಕಡ್ಡಿ ಮೇಲೆ ಹತ್ತಿಸಿ ದೂರದ ಗಿಡಕ್ಕೆ ಬಿಟ್ಟುಬನ್ನಿ."

"ಕೈ ಮುಗಿಯೋರನ್ನ ನಂಬಬಾರದು ಅಂತ ಮೊದಲೇ ಗೊತ್ತಿತ್ತು," ಅಂದರು ಕುಲಕರ್ಣಿ. "ಆದ್ರ ಬರೀ ಸಕ್ಕರಿ ತಿಂದ್ರ ಮೈಗೆ ಸತ್ವ ಎಲ್ಲಿಂದ?"

"ಹುಳ ತಿನ್ನತ್ತೆ. ಗುಂಗಾಡು, ಸಣ್ಣ ಜೇಡ. ಕಪ್ಪಾದ ಬಾಳೆಹಣ್ಣಿನ ಸಿಪ್ಪೆ ಒಂದು ಕಡೆ ತೂಗುಹಾಕಿ, ಗುಂಗಾಡು ಕೂಡತ್ತೆ, ಹಕ್ಕಿ ಬಂದು ಆರಿಸಿಕೊಳ್ಳತ್ತೆ. ಗಿಡಕ್ಕೆ ಔಷಧಿ ಹೊಡೀತಾ ಪಕ್ಕದಲ್ಲಿ ಸಕ್ಕರೆ ನೀರು ಇಟ್ಟರೆ ಅನ್ನ ಕೊಟ್ಟು ಸಾರು ಕಸಿದ ಹಾಗೆ. ಜೇಡರ ಬಲೆಯನ್ನೂ ಗುಡಿಸಿ ಸ್ವಚ್ಛ ಮಾಡಬೇಡಿ. ಇದು ಗೂಡು ಹೆಣೆಯೋದೇ ಜೇಡರ ಎಳೆಯಿಂದ. ಮರಿ ಬೆಳೆದ ಹಾಗೆ ಗೂಡು ಹಿಗ್ಗತ್ತೆ."

ಸಾಲ್ವಿಯಾ, ಬಾಟಲ್ ಬ್ರಷ್, ಕ್ಯಾಲಿಫೋರ್ನಿಯಾ ಫ್ಯೂಷಿಯಾ ನೆಟ್ಟರೆ ಫೀಡರ್ ತೊಳೆಯದ ದಿನವೂ ಊಟಕ್ಕೆ ಕೊರತೆಯಿಲ್ಲ ಅನ್ನುವುದು ಗೌಡ್ರ ವಾದ. ಇದರಲ್ಲಿ ಸ್ವಾರ್ಥ ಇದ್ದರೂ ಮಾತು ಸರಿ.

"ಚಳಿಗಾಲದಾಗ ತೆಗೆದಿಡಬೇಕಲ್ಲ? ಇಲ್ಲಾಂದ್ರ ಊಟದ ಆಸೆಗೆ ವಲಸೆ ಹೋಗೂದಿಲ್ಲಂತ."

"ಅದು ಬರೀ ಪುಕಾರು. ಹೊರಡೋ ಹಕ್ಕಿ ಹಗಲು ಚಿಕ್ಕದಾಗೋದನ್ನ ನೋಡ್ಕೊಂಡು ಹೊರಡತ್ತೆ, ನಮ್ಮ ತಟ್ಟೆ ನೋಡ್ಕೊಂಡಲ್ಲ. ಈ ಆನಾ ಅಂತೂ ವರ್ಷಪೂರ್ತಿ ಇಲ್ಲೇ, ಡಿಸೆಂಬರಿಗೇ ಗೂಡು ಕಟ್ಟೋಕೆ ಶುರುಮಾಡತ್ತೆ. ಆ ತಿಂಗಳುಗಳಲ್ಲಿ ಗಿಡ ಕತ್ತರಿಸೋ ಮುಂಚೆ ಕೊಂಬೆ ಕೊಂಬೆ ನೋಡಬೇಕು. ಗೂಡು ಅಂದ್ರೆ ಅರ್ಧ ನಿಂಬೆಹಣ್ಣಿನಷ್ಟು, ಒಳಗೆ ಎರಡು ಮೊಟ್ಟೆ, ಕಾಫಿ ಬೀಜದಷ್ಟು. ಮುಟ್ಟೋ ಹಾಗಿಲ್ಲ, 1918ರ ಕಾಯ್ದೆಯೇ ಇದೆ. ಸಿಯಾಟಲ್ ಕಡೆ ಇರೋರಿಗೆ ಇನ್ನೊಂದು ಫಜೀತಿ. ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿದ್ರೆ ಈ ರಸ ಹೆಪ್ಪುಗಟ್ಟತ್ತೆ. ಕತ್ತಲಾದ ಮೇಲೆ ಫೀಡರ್ ಒಳಗಿಟ್ಟು, ಬೆಳಗಾಗೋ ಮುಂಚೆ ಆಚೆ ಇಡಬೇಕು. ರಾತ್ರಿಯಿಡೀ ಮೈ ತಣ್ಣಗೆ ಮಾಡ್ಕೊಂಡು ಸತ್ತಂತೆ ಬಿದ್ದಿದ್ದ ಹಕ್ಕಿಗೆ ಎದ್ದ ತಕ್ಷಣ ಹೊಟ್ಟೆಗೆ ಬೇಕು."

"ನಮ್ಮ ಬೆಳಗಿನ ಕಾಫಿ ಇದ್ದಂಗ."

"ಕಾಫಿ ತಡ ಆದ್ರೆ ನೀವು ರೇಗ್ತೀರಿ. ಅದು ಸಾಯತ್ತೆ."

ಅಷ್ಟರಲ್ಲಿ ಗುಂಯ್ ಅನ್ನುವ ಸದ್ದು ಹತ್ತಿರವಾಯಿತು. ಕಡ್ಡಿಯ ಮ್ಯಾನೇಜರ್ ನೇರ ಕುಲಕರ್ಣಿಯ ಹಣೆಯ ಮುಂದೆ ಬಂದು ಗಾಳಿಯಲ್ಲಿ ನಿಂತ. ಮಾತೇ ನಿಂತಿತು. ಕೊಕ್ಕು ಟೋಪಿಯ ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಒಂದು ಹೊಲಿಗೆಯನ್ನು ಕುಕ್ಕಿ ನೋಡಿತು. ಹಾಗೇ ಹಿಂದಕ್ಕೆ ಹಾರಿ ಫೀಡರಿಗೆ ಹೋಯಿತು.

"ಯಾಕ್ರಿ ಹೋತು?" ಕುಲಕರ್ಣಿ ಉಸಿರು ಬಿಡದೆ ಪಿಸುಗುಟ್ಟಿದರು.

"ಕೆಂಪು ಕಂಡು ಹೂವು ಅಂತ ಬಂತು," ಅಂದರು ಶಾರದಕ್ಕ. "ನೋಡಿದ್ರೆ ಒಳಗೆ ಏನೂ ಇಲ್ಲ."

ಗೌಡ್ರು ಕೋಡುಬಳೆ ಬಟ್ಟಲನ್ನು ಕುಲಕರ್ಣಿಯ ಕಡೆ ತಳ್ಳಿ, ಬ್ರಷ್ ಹುಡುಕಲು ಒಳಗೆ ಹೋದರು.